ಬಿಟ್ಟೋ ಬೈಟೋ

ಎಂಟು ಬಿಟ್ ಸೇರಿದರೆ ಒಂದು ಬೈಟ್; ಇಂಟರ್ನೆಟ್ಟಿನ ವೇಗ ಹೇಳುವವನು ಯಾವುದೆಂದು ಹೇಳಲೇಬೇಕು. ನಮ್ಮೂರಿನಲ್ಲಿ ಎಲ್ಲರೂ ಮೆಗಾಬಿಟ್ಟಿಗೂ ಮೆಗಾಬೈಟಿಗೂ ಬರೀ ‘ಎಂಬಿ’ ಎಂದು ಮುಗಿಸುತ್ತಿದ್ದರು.

ಇಂಟರ್ನೆಟ್ ಅಂಗಡಿಯ ಚೆನ್ನವೀರಪ್ಪನವರು ಪೇಂಟರ್ ಫಕ್ರುದ್ದೀನನಿಗೆ, “ಬೋರ್ಡಿನ ಮೇಲೆ ‘ಸೆಕೆಂಡಿಗೆ ನೂರು ಎಂಬಿ’ ಅಂತ ಬರಿ” ಎಂದರು.

“ಬಿಟ್ಟೋ ಬೈಟೋ, ಸಾವ್ಕಾರ್ರೇ?”

“ಬಿಟ್ಟೇ. ಜನ ಬೈಟ್ ಅಂದ್ಕೊಂಡ್ರೆ ನನಗೇನು? ಆಗಲ್ಲ ಅಂದ್ರೆ ಬೇರೆ ಪೇಂಟರ್ ಇದ್ದಾನೆ. ಮೊದಲು ಹೋಟೆಲಿಂದ ಒಂದು ದೋಸೆ ತಗೊಂಡು ಬಾ.”

ಫಕ್ರುದ್ದೀನ ತಂದ ಪೊಟ್ಟಣ ಬಿಚ್ಚಿದರೆ ಒಂದೇ ತುತ್ತು ದೋಸೆ.

“ಏನಯ್ಯಾ ಇದು?”

“ಎಂಟರಲ್ಲಿ ಒಂದು ಪಾಲು. ನೀವು ಇಡೀ ದೋಸೆ ಅಂದ್ಕೊಂಡ್ರೆ ನನಗೇನು?”

ಸಾವ್ಕಾರರಿಗೆ ನಗು ತಡೆಯಲಾಗಲಿಲ್ಲ. “ಆಯ್ತಪ್ಪಾ, ‘ಬಿಟ್’ ಅಂತಲೇ ಬರಿ. ಆದ್ರೆ ಕಣ್ಣಿಗೆ ಬೀಳದ ಹಾಗೆ, ಸಣ್ಣದಾಗಿ ಬರಿ.”

ಫಕ್ರುದ್ದೀನ ಏಣಿ ಹತ್ತಿ, ಅಂಗಡಿಯ ಹೆಸರಿಗಿಂತ ದೊಡ್ಡದಾಗಿ ‘ಬಿಟ್’ ಎಂದು ಬರೆದ.