ದರ್ಜಿ ಚಕ್ರ ಹತ್ತಿದ್ದು

"ಗುರುಗಳೇ, ಎತ್ತರದ ಭಯವನ್ನು ಗೆಲ್ಲುವುದು ಹೇಗೆ?"

ಕೇಳಿದವನು ಒಬ್ಬ ಶಾಲಾ ಮೇಷ್ಟ್ರು. ಹಿಂದಿನ ವಾರ ಮಕ್ಕಳನ್ನು ಕರೆದುಕೊಂಡು ಒಂದು ಅಮ್ಯೂಸ್‌ಮೆಂಟ್ ಪಾರ್ಕಿಗೆ ಪ್ರವಾಸ ಹೋಗಿದ್ದ. ಅಲ್ಲಿ ಜನರನ್ನು ಕಂಬದ ತುದಿಗೆ ಏರಿಸಿ ಒಮ್ಮೆಲೇ ಕೆಳಕ್ಕೆ ಬಿಡುವ ಒಂದು ಆಟವಿತ್ತು. ಮಕ್ಕಳು ಒತ್ತಾಯ ಮಾಡಿದರು. ಹೋಗಿ ಕುಳಿತ. ಬೆಲ್ಟು ಬಿಗಿದರು. ಸೀಟು ನೆಲದಿಂದ ಒಂದಾಳು ಎತ್ತರ ಏರುವಷ್ಟರಲ್ಲಿ ಚೀರಿಕೊಂಡ. ಯಂತ್ರ ನಿಲ್ಲಿಸಿ ಅವನನ್ನು ಇಳಿಸಬೇಕಾಯಿತು. ನಲವತ್ತು ಮಕ್ಕಳು ನೋಡುತ್ತಿದ್ದರು. ಅಂದಿನಿಂದ ತರಗತಿಯೊಳಗೆ ಕಾಲಿಡುವುದೇ ಅವನಿಗೆ ಕಷ್ಟವಾಗಿತ್ತು.

"ಪುಸ್ತಕ ಓದಿದೆ. ಉಸಿರು ಬಿಗಿಹಿಡಿದು ಬಿಡುವ ಅಭ್ಯಾಸ ಮಾಡಿದೆ. ಶಾಲೆಯ ತಾರಸಿ ಹತ್ತಿ ಅಂಚಿನಲ್ಲಿ ನಿಲ್ಲಲು ನೋಡಿದೆ. ಯಾವುದೂ ಆಗಲಿಲ್ಲ. ನನಗೆ ಸಾಕಾಗಿದೆ" ಎಂದ.

ಗುರುಗಳಿಗೆ ವಯಸ್ಸಾಗಿತ್ತು. ಬೆಳಗಿನಿಂದ ಬಂದವರ ಮಾತು ಕೇಳಿ ಕೇಳಿ ದಣಿದಿದ್ದರು. ಗೋಡೆಗೆ ಒರಗಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ್ದರು. ಆಮೇಲೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ದರ್ಜಿ ಇದ್ದ. ಹೆಸರು ಕರಿಬಸಪ್ಪ. ಅವನ ಹೆಂಡತಿ ಕೊಟ್ರಮ್ಮ. ಮಕ್ಕಳಿರಲಿಲ್ಲ. ಅವನು ಪೇಟೆಯ ಅಂಗಡಿಯಲ್ಲಿ ಕುಳಿತು ಶಾಲೆಯ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದ. ಅವಳು ಮನೆಯಲ್ಲಿ ಕುಳಿತು ಕಾಜ ಮಾಡಿ ಗುಂಡಿ ಹಾಕುತ್ತಿದ್ದಳು.

ದರ್ಜಿಗೆ ಎತ್ತರವೆಂದರೆ ಭಯ. ಮನೆಯಲ್ಲಿ ಬಲ್ಬು ಹೋದರೆ ಸ್ಟೂಲು ಹತ್ತುವವಳು ಹೆಂಡತಿ. ಅಟ್ಟದ ಮೇಲಿನ ಪಾತ್ರೆ ಇಳಿಸುವವಳೂ ಅವಳೇ. ಅವನು ಕೆಳಗೆ ನಿಂತು ಸ್ಟೂಲು ಹಿಡಿದುಕೊಳ್ಳುತ್ತಿದ್ದ. ಅದಕ್ಕೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವನಿಗೆ ಮಾತ್ರ ಒಳಗೊಳಗೇ ಚುಚ್ಚುತ್ತಿತ್ತು.

ಶಾಲೆಗಳು ಶುರುವಾಗುವ ಎರಡು ತಿಂಗಳು ದರ್ಜಿಗೆ ಊಟಕ್ಕೂ ಬಿಡುವಿಲ್ಲ. ಆ ಕೆಲಸ ಮುಗಿದ ಮೇಲೆ ಗಂಡ ಹೆಂಡತಿ ಒಂದು ದಿನ ರಜೆ ಮಾಡುತ್ತಿದ್ದರು. ವರ್ಷಕ್ಕೆ ಅದೊಂದೇ ದಿನ. ಮದುವೆಯಾದ ವರ್ಷ ಆ ದಿನ ಅವರು ಬಸ್ಸು ಹತ್ತಿ, ಪಕ್ಕದ ನಗರದ ಹೊರಗೆ ಹೊಸದಾಗಿ ತೆರೆದಿದ್ದ ಒಂದು ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೋದರು. ಅಲ್ಲಿ ಒಂದು ದೊಡ್ಡ ಜೈಂಟ್ ವೀಲ್ ಇತ್ತು. ಸುತ್ತಲೂ ತೊಟ್ಟಿಲು ಕಟ್ಟಿದ ಚಕ್ರ. ಇಬ್ಬರೂ ಟಿಕೆಟ್ ತೆಗೆದುಕೊಂಡು ಸಾಲಿನಲ್ಲಿ ನಿಂತರು. ಸರದಿ ಬಂತು. ಗೇಟಿನ ಹತ್ತಿರ ದರ್ಜಿಯ ಕಾಲು ನಡುಗಿದವು.

"ನನ್ನಿಂದಾಗದು. ನೀನು ಹೋಗಿ ಬಾ" ಎಂದ.

ಅವಳು ಒಂದು ಕ್ಷಣ ಅವನ ಮುಖ ನೋಡಿದಳು. ಆಮೇಲೆ ಕೈಚೀಲವನ್ನು ಅವನಿಗೆ ಕೊಟ್ಟು ಒಬ್ಬಳೇ ಹೋಗಿ ಕುಳಿತಳು.

ದರ್ಜಿ ಕೆಳಗೆ ಬೇಲಿಯ ಪಕ್ಕ ನಿಂತ. ಚಕ್ರ ತಿರುಗಿತು. ಅವಳು ಬೀಳಬಹುದು ಎಂದು ಅವನಿಗೆ ಅನ್ನಿಸಿತು. ಅವಳ ತೊಟ್ಟಿಲಿನಿಂದ ಕಣ್ಣು ಕೀಳಲಿಲ್ಲ. ಕತ್ತು ನೋಯುವ ತನಕ ನೋಡಿದ. ಇಳಿದು ಬಂದಾಗ ಅವಳ ಮುಖ ಬಿಳಿಚಿಕೊಂಡಿತ್ತು. ಗಾಳಿಗೆ ಹಾಗಾಗಿದೆ ಎಂದುಕೊಂಡ.

"ಹೇಗಿತ್ತು?"

"ಚೆನ್ನಾಗಿತ್ತು" ಎಂದಳು.

ಮಾರನೆಯ ವರ್ಷ ಎಲ್ಲಿಗೆ ಹೋಗೋಣ ಎಂದು ಕೇಳಿದಾಗ ಅವಳು ಅದೇ ಪಾರ್ಕಿನ ಹೆಸರು ಹೇಳಿದಳು. ಅದರ ಮರುವರ್ಷವೂ ಅದನ್ನೇ ಹೇಳಿದಳು. ಹೀಗೆ ಹತ್ತೊಂಬತ್ತು ವರ್ಷ ನಡೆಯಿತು. ಪ್ರತಿ ವರ್ಷ ದರ್ಜಿ ಗೇಟಿನವರೆಗೆ ಹೋಗುವುದು, ಕಾಲು ನಡುಗಿ ಹಿಂದಕ್ಕೆ ಬರುವುದು. ಪ್ರತಿ ವರ್ಷ ಅವಳು ಒಬ್ಬಳೇ ಹತ್ತುವುದು, ಅವನು ಕೆಳಗೆ ನಿಂತು ನೋಡುವುದು.

ಅವನು ಸುಮ್ಮನೆ ಕೂರಲಿಲ್ಲ. ಭಯವನ್ನು ಕಳೆದುಕೊಳ್ಳಲು ಯಾರು ಏನು ಹೇಳಿದರೂ ಮಾಡಿದ. ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಹೋಗಿ ಏಳನೆಯದಕ್ಕೇ ನಿಂತುಬಿಟ್ಟ. ಒಬ್ಬರು ದೂರದ ಗುಡ್ಡ ನೋಡು ಎಂದರು, ನೋಡಿದ. ಒಬ್ಬರು ಮಾತ್ರೆ ಕೊಟ್ಟರು, ನುಂಗಿದ. ಒಂದು ವರ್ಷ ತೊಟ್ಟಿಲಿನ ಒಳಗೆ ಕಾಲಿಟ್ಟೂ ಬಿಟ್ಟಿದ್ದ. ಅದು ಅಲುಗಾಡಿತು. ಹಿಂದೆ ನಿಂತವರನ್ನು ತಳ್ಳಿಕೊಂಡು ಹೊರಗೆ ಬಂದ. ಸಾಲಿನಲ್ಲಿದ್ದವರು ನಕ್ಕರು. ಅವಳು ನಗಲಿಲ್ಲ. ಆದರೆ ಅವಳು ನಗಲಿಲ್ಲ ಎಂಬುದನ್ನು ಅವನು ಗಮನಿಸಲಿಲ್ಲ.

ವರ್ಷ ಕಳೆದಂತೆ ಆ ಭಯವೇ ಅವನಿಗೆ ಒಂದು ಕೆಲಸವಾಯಿತು. ಹೊಲಿಯುವಾಗ ಅದನ್ನೇ ಯೋಚಿಸುತ್ತಿದ್ದ. ಬರುವ ವರ್ಷ ಹತ್ತಿಯೇ ತೀರುತ್ತೇನೆ ಎಂದುಕೊಳ್ಳುತ್ತಿದ್ದ. ಇವಳು ಹೆಂಗಸಾಗಿ ಹತ್ತುತ್ತಾಳೆ, ನಾನು ಗಂಡಸಾಗಿ ಕೈಚೀಲ ಹಿಡಿದು ನಿಲ್ಲುತ್ತೇನೆ ಎಂದು ಹಳಹಳಿಸುತ್ತಿದ್ದ. ಅವಳ ಧೈರ್ಯದ ಮೇಲೆ ಅವನಿಗೆ ಸಣ್ಣಗೆ ಸಿಟ್ಟೂ ಬಂದಿತ್ತು. ಮನೆಯಲ್ಲಿ ಮಾತು ಕಡಿಮೆಯಾಯಿತು. ಊಟಕ್ಕೆ ಬನ್ನಿ ಅಂದರೆ ಬರುತ್ತಿದ್ದ. ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದ. ಅವಳು ಹೊಸ ಸೀರೆ ಉಟ್ಟರೆ ಅಂಚಿನ ಹೊಲಿಗೆ ನೋಡುತ್ತಿದ್ದ. ಅವಳ ತಲೆಗೂದಲು ನೆರೆತದ್ದು ಅವನಿಗೆ ಗೊತ್ತಾದದ್ದು ಬೇರೆ ಯಾರೋ ಹೇಳಿದ ಮೇಲೆ.

ಇಪ್ಪತ್ತನೆಯ ವರ್ಷ ಅವಳಿಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಬಿದ್ದುಹೋದವು.

ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ದರ್ಜಿಯೇ ಎಲ್ಲವನ್ನೂ ಮಾಡಿದ. ಬೆಳಿಗ್ಗೆ ಎದ್ದು ಗಂಜಿ ಕಾಯಿಸುವುದು, ಅವಳಿಗೆ ಮುಖ ತೊಳೆಸುವುದು, ಸ್ನಾನ ಮಾಡಿಸುವುದು, ಎಣ್ಣೆ ತಿಕ್ಕುವುದು. ಜಡೆ ಹಾಕಲು ಹೋದರೆ ಸೊಟ್ಟಗಾಗುತ್ತಿತ್ತು. ಅಂಗಡಿಗೆ ಹೋಗಿ ನಾಲ್ಕು ಚಡ್ಡಿ ಹೊಲಿದು ಮತ್ತೆ ಓಡಿ ಬರುವುದು. ಆಸ್ಪತ್ರೆಗೆ ಹೊತ್ತುಕೊಂಡು ಹೋಗುವುದು, ಸಾಲಿನಲ್ಲಿ ಕಾಯುವುದು, ಮತ್ತೆ ಹೊತ್ತು ತರುವುದು. ಎಂಟು ತಿಂಗಳು ಹೀಗೆ ಹೋಯಿತು. ಅವನ ಸೊಂಟ ಹಿಡಿಯಿತು. ಹೊಲಿಗೆಯ ಯಂತ್ರದ ಮೇಲೆ ತಲೆಯಿಟ್ಟು ಕೂತಲ್ಲೇ ನಿದ್ದೆ ಹೋಗುತ್ತಿದ್ದ. ಅಳಲು ಕೂಡ ಅವನಿಗೆ ತ್ರಾಣವಿರಲಿಲ್ಲ.

ಅವಳು ನಿಧಾನವಾಗಿ ಎದ್ದು ಕುಳಿತಳು. ಆಮೇಲೆ ಕೋಲು ಹಿಡಿದು ನಡೆದಳು. ಮಾತು ಸ್ವಲ್ಪ ತೊದಲುತ್ತಿತ್ತು, ಅರ್ಥವಾಗುತ್ತಿತ್ತು. ಆ ವರ್ಷದ ಯೂನಿಫಾರಂ ಕೆಲಸ ಮುಗಿದ ದಿನ ಅವಳು ಕೇಳಿದಳು.

"ಈ ಸಲ ಹೋಗಲ್ವಾ?"

"ಎಲ್ಲಿಗೆ?"

"ಅಲ್ಲಿಗೇ."

ಬೇಡ ಎನ್ನಲು ಹತ್ತು ಕಾರಣಗಳಿದ್ದವು. ವಾದ ಮಾಡುವ ಶಕ್ತಿ ಅವನಲ್ಲಿರಲಿಲ್ಲ. ಡಾಕ್ಟರನ್ನು ಕೇಳಿದ. ಜೋರಾಗಿ ಎತ್ತಿ ಹಾಕುವ ಆಟಗಳು ಬೇಡ, ಮೆಲ್ಲಗೆ ತಿರುಗುವುದಾದರೆ ಅಡ್ಡಿಯಿಲ್ಲ ಎಂದರು. ಬಸ್ಸಿನಲ್ಲಿ ಅವಳನ್ನು ಕಿಟಕಿಯ ಪಕ್ಕ ಕೂರಿಸಿಕೊಂಡು ಹೋದ.

ಚಕ್ರದ ಗೇಟಿನಲ್ಲಿದ್ದ ಕೆಲಸದವನು ಅವಳ ಕೋಲು ನೋಡಿದ.

"ಇವರೊಬ್ಬರನ್ನೇ ಬಿಡೋಕಾಗಲ್ಲ ಯಜಮಾನ್ರೇ. ಪಕ್ಕದಲ್ಲಿ ಒಬ್ಬರು ಹಿಡ್ಕೊಂಡು ಕೂರಬೇಕು. ನೀವು ಕೂರ್ತೀರಾ?"

ದರ್ಜಿ ಹೆಂಡತಿಯ ಕಡೆ ನೋಡಿದ. ಹಿಂದಕ್ಕೆ ಹೋಗೋಣ ಎಂದಿದ್ದರೆ ಅವಳು ತುಟಿ ಎರಡು ಮಾಡದೆ ಬರುತ್ತಿದ್ದಳು. ಅದು ಅವನಿಗೆ ಗೊತ್ತಿತ್ತು. ಆಗ ಅವನು ಭಯವನ್ನು ಗೆದ್ದ ಎಂದು ನೀನು ತಿಳಿಯಬೇಡ. ಅವನ ಕಾಲು ನಡುಗುತ್ತಲೇ ಇದ್ದವು. ಆದರೆ ಎಂಟು ತಿಂಗಳು ಅವಳನ್ನು ಎತ್ತಿ ಇಳಿಸಿ ಅವನು ಎಷ್ಟು ದಣಿದಿದ್ದನೆಂದರೆ, ತಿರುಗಿ ಓಡುವುದೂ ಅವನಿಗೆ ದೊಡ್ಡ ಕೆಲಸವಾಗಿ ಕಂಡಿತು. ಅವಳನ್ನು ಹಿಡಿದು ಒಳಗೆ ಕೂರಿಸಿದ. ದಿನವೂ ಮಂಚದ ಮೇಲೆ ಕೂರಿಸಿ ಪಕ್ಕದಲ್ಲಿ ಕೂರುವಂತೆ ತಾನೂ ಕೂತ. ಕಂಬಿ ಹಾಕಿದರು. ಚಕ್ರ ತಿರುಗಿತು.

ದರ್ಜಿ ಕಣ್ಣು ಮುಚ್ಚಿಕೊಂಡ. ಕಂಬಿಯನ್ನು ಎರಡೂ ಕೈಯಿಂದ ಹಿಡಿದ. ನೆಲದ ಸದ್ದುಗಳು ಸಣ್ಣಗಾದವು. ಕೆಳಗೆ ಇನ್ನೊಂದು ತೊಟ್ಟಿಲಿಗೆ ಜನ ಹತ್ತಿಸಲು ಚಕ್ರವನ್ನು ನಿಲ್ಲಿಸಿದರು. ಇವರ ತೊಟ್ಟಿಲು ತುತ್ತತುದಿಯಲ್ಲಿ ನಿಂತು ತೂಗಿತು.

ಆಗ ಪಕ್ಕದಿಂದ ಒಂದು ಸದ್ದು ಕೇಳಿಸಿತು. ಹಲ್ಲು ಕಟಕಟ ಎನ್ನುವ ಸದ್ದು. ಮತ್ತೆ ಲಕ್ವ ಹೊಡೆಯಿತೇನೋ ಎಂದು ಗಾಬರಿಯಿಂದ ಕಣ್ಣು ಬಿಟ್ಟ. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಚೆನ್ನಾಗಿದ್ದ ಒಂದೇ ಕೈಯಲ್ಲಿ ಕಂಬಿಯನ್ನು ಬೆರಳು ಬೆಳ್ಳಗಾಗುವಂತೆ ಹಿಡಿದಿದ್ದಳು. ಮೈ ಇಡೀ ನಡುಗುತ್ತಿತ್ತು.

"ಏನಾಯ್ತೇ? ನೋವಾ?"

"ನೋವಲ್ಲ. ಭಯ."

"ನಿನಗಾ? ಯಾವತ್ತಿನಿಂದ?"

"ಮೊದಲಿಂದಲೂ."

ದರ್ಜಿಗೆ ಅರ್ಥವಾಗಲಿಲ್ಲ. "ಮತ್ತೆ ಇಷ್ಟು ವರ್ಷ ಯಾಕೆ ಹತ್ತಿದೆ?"

ಅವಳು ತೊದಲುತ್ತ, ಒಂದೊಂದೇ ಮಾತು ಹೇಳಿದಳು.

"ಮೊದಲನೇ ವರ್ಷ ನೀವು ಹೋಗು ಅಂದಿರಿ, ಹೋದೆ. ಮೇಲೆ ಹೋದಾಗ ಜೀವ ಬಾಯಿಗೆ ಬಂತು. ಕೆಳಗೆ ನೋಡಿದೆ. ಅಷ್ಟು ಜನರಲ್ಲಿ ನೀವೊಬ್ಬರು ತಲೆ ಎತ್ತಿ ನನ್ನನ್ನೇ ನೋಡ್ತಾ ನಿಂತಿದ್ದಿರಿ. ನಾನು ಇಳಿಯೋ ತನಕ ಕಣ್ಣು ತೆಗೀಲಿಲ್ಲ. ಮನೇಲಿ ನೀವು ಹಾಗೆ ನೋಡಿದ್ದೇ ಇಲ್ಲ. ವರ್ಷಕ್ಕೆ ಒಂದು ದಿನ ಆದ್ರೂ ನೋಡ್ತೀರಲ್ಲ ಅಂತ ಹತ್ತುತ್ತಿದ್ದೆ ಕಣ್ರೀ."

ಚಕ್ರ ಮತ್ತೆ ಚಲಿಸಿತು. ದರ್ಜಿ ಕಂಬಿಯಿಂದ ಒಂದು ಕೈ ತೆಗೆದು ಅವಳ ಕೈಯ ಮೇಲೆ ಇಟ್ಟ. ಅವನ ಅಂಗೈ ಬೆವರಿತ್ತು, ಅವಳದು ತಣ್ಣಗಿತ್ತು. ಇಬ್ಬರೂ ನಡುಗುತ್ತಲೇ ಸುತ್ತಿದರು. ಕೆಳಗೆ ಬಂದಾಗಲೆಲ್ಲ ಇನ್ನು ಮುಗಿಯಿತು ಎಂದುಕೊಂಡರು, ಚಕ್ರ ಮತ್ತೆ ಮೇಲಕ್ಕೆ ಒಯ್ಯಿತು. ಆದರೆ ಅವನು ಮತ್ತೆ ಕಣ್ಣು ಮುಚ್ಚಲಿಲ್ಲ. ಅವಳ ಮುಖವನ್ನು ನೋಡುತ್ತ ಕುಳಿತ. ಹಣೆಯ ಮೇಲೆ ಒಂದು ಹಳೆಯ ಗಾಯದ ಗುರುತಿತ್ತು. ಯಾವಾಗ ಆದದ್ದೆಂದು ಅವನಿಗೆ ನೆನಪಾಗಲಿಲ್ಲ.

ಇಳಿದ ಮೇಲೆ ಇಬ್ಬರೂ ಒಂದು ಕಲ್ಲುಬೆಂಚಿನ ಮೇಲೆ ಕುಳಿತರು. ಟೀ ತರಿಸಿದ. ಅವಳ ಲೋಟವನ್ನು ತಾನೇ ಹಿಡಿದು ಕುಡಿಸಿದ.

"ಈ ಗಾಯ ಯಾವಾಗ ಆಗಿದ್ದು?" ಎಂದು ಕೇಳಿದ.

"ಅಟ್ಟದಿಂದ ಹಂಡೆ ಇಳಿಸುವಾಗ. ಹನ್ನೆರಡು ವರ್ಷ ಆಯ್ತು."

"ನನಗೆ ಹೇಳಲಿಲ್ಲ."

"ಅರ್ಜೆಂಟ್ ಬಟ್ಟೆ ಹೊಲೀತಿದ್ರಿ."

ಅವನು ಲೋಟ ಕೆಳಗಿಟ್ಟ. ಇನ್ನು ಇಲ್ಲಿಗೆ ಬರುವುದು ಬೇಡ ಎಂದ. ಅವಳೂ ಬೇಡ ಎಂದು ತಲೆಯಾಡಿಸಿದಳು. ಸಂಜೆಯ ಬಸ್ಸಿಗೆ ಹೊರಟರು. ದಾರಿಯಲ್ಲಿ ಇಬ್ಬರಿಗೂ ನಿದ್ದೆ ಹತ್ತಿತು.

ಮಾರನೆಯ ದಿನ ದರ್ಜಿ ಅಂಗಡಿಯನ್ನು ಖಾಲಿ ಮಾಡಿದ. ಹೊಲಿಗೆಯ ಯಂತ್ರವನ್ನು ಕೈಗಾಡಿಯಲ್ಲಿ ಮನೆಗೆ ತಂದು, ಅವಳ ಮಂಚಕ್ಕೆ ಎದುರಾಗಿ ಹಾಕಿಕೊಂಡ. ಪೇಟೆಯ ಗಿರಾಕಿಗಳು ಅರ್ಧಕ್ಕರ್ಧ ತಪ್ಪಿಹೋದರು. ಉಳಿದವರು ಮನೆಗೆ ಬಂದರು. ಅವಳು ಇನ್ನೂ ನಾಲ್ಕು ವರ್ಷ ಬದುಕಿದ್ದಳು. ಆ ನಾಲ್ಕು ವರ್ಷ ಅವನು ಹೊಲಿದ ಬಟ್ಟೆಗಳಲ್ಲಿ ಹೊಲಿಗೆ ಅಲ್ಲಲ್ಲಿ ಸೊಟ್ಟಗಿರುತ್ತಿತ್ತು ಎಂದು ಜನ ಹೇಳುತ್ತಾರೆ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಮತ್ತೆ ಗೋಡೆಗೆ ಒರಗಿದರು. ಅವರಿಗೆ ಮಾತು ಸಾಕಾದಂತಿತ್ತು.

ಮೇಷ್ಟ್ರು ಇನ್ನೂ ಕಾಯುತ್ತಿದ್ದ. ಕೊನೆಗೆ ಅವನೇ ಕೇಳಿದ.

"ಆಮೇಲೆ ದರ್ಜಿಯ ಭಯ ಹೋಯಿತೇ, ಗುರುಗಳೇ?"

ಗುರುಗಳು ಕಣ್ಣು ತೆರೆದು ಅವನನ್ನು ನೋಡಿದರು.

"ಅವಳದು ಹೋಯಿತೇ ಎಂದು ನೀನು ಕೇಳಲಿಲ್ಲ."