ಶಾಲು ಹೊದ್ದ ಕಂಪ್ಯೂಟರ್

ದಾವಣಗೆರೆಯ ನಿವೃತ್ತ ಹೆಡ್‌ಮಾಸ್ತರು ಮುರಿಗೆಪ್ಪನವರು ಸನ್ಮಾನಕ್ಕೆಂದೇ ಹುಟ್ಟಿದವರು. ಬಂದವರ ಕಣ್ಣಿಗೆ ಬೀಳಲಿ ಎಂದು ಸಿಕ್ಕ ಶಾಲುಗಳನ್ನೆಲ್ಲ ಮನೆಯ ಕಂಪ್ಯೂಟರ್ ಪೆಟ್ಟಿಗೆಗೆ ಹೊದಿಸಿ, ಮೇಲೊಂದು ಮೈಸೂರು ಪೇಟ ಇಟ್ಟಿದ್ದರು. ಆ ಕಂಪ್ಯೂಟರೋ, ಬೆಳಿಗ್ಗೆ ಒತ್ತಿದ ಅಕ್ಷರ ಪರದೆಗೆ ಬರುವಷ್ಟರಲ್ಲಿ ಮಧ್ಯಾಹ್ನದ ಮುದ್ದೆ ಆರಿರುತ್ತಿತ್ತು.

ಅಡುಗೆಯವನು ತಂಗಿಯ ಮದುವೆಗೆ ರಜೆ ಕೇಳಿದ.

“ಮೊದಲು ಈ ಕಂಪ್ಯೂಟರನ್ನ ಓಡಿಸು, ಆಮೇಲೆ ನೀನು ಓಡು. ಶಾಲು ಮುಟ್ಟಿದೆಯೋ, ಕೆಲಸಕ್ಕೇ ಬರಬೇಡ!” ಎಂದರು ಮಾಸ್ತರು.

ಅಡುಗೆಯವನು ಪೆಟ್ಟಿಗೆಯ ಹತ್ತಿರ ಕೈ ಒಡ್ಡಿ ನೋಡಿದ. ರೊಟ್ಟಿ ಹೆಂಚಿಗಿಂತ ಬಿಸಿ. ರೋಗ ತಿಳಿಯಿತು. ಹೇಳಿದರೆ ಕೆಲಸ ಹೋಗುತ್ತದೆ, ಸುಮ್ಮನಿದ್ದರೆ ಮದುವೆ ತಪ್ಪುತ್ತದೆ.

“ಸಾರ್, ಎಲ್ಲಾ ಶಾಲೂ ಹೊದ್ದು ಒಂದು ಫೋಟೋಕ್ಕೆ ಕೂತ್ಕೊಳ್ಳಿ. ಎಂಥವರ ಮನೇಲಿದೀನಿ ಅಂತ ಬೀಗರಿಗೆ ತೋರಿಸ್ತೀನಿ.”

ಮಾಸ್ತರು ಹಿಗ್ಗಿ ಹೀರೇಕಾಯಾದರು. ತಾವೇ ಶಾಲುಗಳನ್ನು ಎಳೆದು ಹೊದ್ದು, ಪೇಟ ಇಟ್ಟುಕೊಂಡು ಕೂತರು. ಮೊದಲೇ ಏಪ್ರಿಲ್ ಮಧ್ಯಾಹ್ನ.

“ಬೆಳಕು ಸಾಲದು ಸಾರ್, ಅಲ್ಲಾಡಬೇಡಿ” ಎನ್ನುತ್ತ ಅವನು ಮೊಬೈಲನ್ನು ಆ ಕಡೆ ಈ ಕಡೆ ತಿರುಗಿಸುತ್ತಲೇ ಇದ್ದ. ಮಾಸ್ತರ ಬೆವರು ಹರಿದು ಚಪ್ಪಲಿಗಳು ಬಾಗಿಲತನಕ ತೇಲಿಹೋದವು.

“ಸಾರ್, ಇವತ್ತು ಯಾವ ವಾರ?”

“ಸೋ... ಮಂ... ತಡಿಯೋ, ತಲೆ ಓಡ್ತಿಲ್ಲ. ಮೊದಲು ಶಾಲು ತೆಗಿ!”

“ಪಾಪ, ಅದೂ ಇಷ್ಟು ದಿನ ಇದನ್ನೇ ಹೇಳ್ತಿತ್ತು ಸಾರ್” ಎಂದು ಅವನು ಬರಿಮೈಯ ಪೆಟ್ಟಿಗೆಯನ್ನು ತೋರಿಸಿದ.

ಮಾಸ್ತರು ಹೋಗಿ ಒಂದು ಅಕ್ಷರ ಒತ್ತಿದರು. ಬೆರಳು ಎತ್ತುವ ಮೊದಲೇ ಪರದೆಯ ಮೇಲೆ ಬಂದು ಕೂತಿತ್ತು. ಅವನಿಗೆ ರಜೆ ಸಿಕ್ಕಿತು.

ಈಗ ಯಾರೇ ಸನ್ಮಾನಕ್ಕೆ ಕರೆಯಲಿ, ಮಾಸ್ತರದು ಒಂದೇ ಮಾತು: “ಶಾಲು ಬೇಡಪ್ಪ, ಟೇಬಲ್ ಫ್ಯಾನ್ ಕೊಡಿ.”