ಹರಾಜಿನಲ್ಲಿ ಬಂದ ಕುಂಬಳಕಾಯಿ

ಪೂಜ್ಯ ಮಿಲ್ಕಾಬಾಯಿ ಅಮ್ಮನವರು ಪವಾಡ ಮಾಡಿದ್ದನ್ನು ಕಂಡವರಿಲ್ಲ. ಗದಗಿನ ಸೀಮೆಯಲ್ಲಿ, ನೇಕಾರರ ಓಣಿಯೊಂದರ ಕ್ರೈಸ್ತ ದೇವಾಲಯದ ಹಿಂದೆ, ಮುರಿದ ಬೆಂಚುಗಳನ್ನು ಪೇರಿಸಿಟ್ಟ ಕೋಣೆಯಲ್ಲಿ ಅವರು ವಾಸಿಸುತ್ತಿದ್ದರು. ಹಳ್ಳಿಹಳ್ಳಿಗೆ ನಡೆದುಹೋಗಿ ಹೆಂಗಸರಿಗೆ ಬೈಬಲ್ ಓದಿ ಹೇಳುವುದು ಅವರ ಸೇವೆ. ಎರಡು ಸೀರೆ, ಒಂದು ತಂಬಿಗೆ ಅವರ ಆಸ್ತಿ. ಇಷ್ಟೇ ಇದ್ದವರು ಸಂತೃಪ್ತಿಯ ಮಾತಾಡಿದರೆ ಅದರಲ್ಲೇನು ದೊಡ್ಡಸ್ತಿಕೆ ಎಂಬುದು ಸಿಲಾಸ ಹೊಂಬಳನ ವಾದ. ಅವನು ಎಂ.ಎ. ಮಾಡಿದ ಹೈಸ್ಕೂಲು ಮಾಸ್ತರ. ದೇವಾಲಯಕ್ಕೆ ಬರುತ್ತಿದ್ದದ್ದು ಹೆಂಡತಿ ರೂತಳ ಒತ್ತಾಯಕ್ಕೆ.

ಆ ವರ್ಷದ ಸುಗ್ಗಿಹಬ್ಬಕ್ಕೆ ರೂತ್ ಬರುವ ಸ್ಥಿತಿಯಲ್ಲಿರಲಿಲ್ಲ. ಹೊಟ್ಟೆಯಲ್ಲಿ ಕೂಸು ಅಡ್ಡ ತಿರುಗಿತ್ತು. ಮಾರನೆಯ ದಿನವೇ ಹುಬ್ಬಳ್ಳಿಗೆ ಕರೆದೊಯ್ದು ಆಪರೇಶನ್ ಮಾಡಿಸಬೇಕಿತ್ತು. ನನ್ನ ಬದಲಿಗೆ ನೀವಾದರೂ ಹೋಗಿ ಬನ್ನಿ ಎಂದು ಅವಳೇ ಗಂಡನನ್ನು ಕಳಿಸಿದ್ದಳು. ಆಪರೇಶನ್ನಿಗೆಂದು ಅವಳ ಬಳೆ ಮಾರಿ ಬಂದ ಮುನ್ನೂರು ರೂಪಾಯಿಯನ್ನು ಮನೆಯಲ್ಲಿಡಲು ಧೈರ್ಯವಾಗದೆ ಸಿಲಾಸ ಕೋಟಿನ ಒಳಕಿಸೆಯಲ್ಲಿಟ್ಟುಕೊಂಡು ಬಂದಿದ್ದ. ಆರಾಧನೆಯುದ್ದಕ್ಕೂ ಅವನ ಧ್ಯಾನವೆಲ್ಲ ಆ ಕಿಸೆಯಲ್ಲಿತ್ತು.

ಹಬ್ಬಕ್ಕೆ ಸಭೆಯವರು ತಂದ ಕಾಳು, ಕೋಳಿ, ಕಾಯಿಪಲ್ಲೆಗಳನ್ನು ಆರಾಧನೆ ಮುಗಿದ ಮೇಲೆ ಹರಾಜು ಹಾಕುವುದು ಅಲ್ಲಿಯ ವಾಡಿಕೆ. ಬೆಲೆಗೂ ವಸ್ತುವಿಗೂ ಸಂಬಂಧವಿಲ್ಲ. ಕೂಗಿದ ಹಣ ದೇವರಿಗೆ. ಕೊನೆಯ ವಸ್ತು ಮಾತ್ರ ಪ್ರತಿವರ್ಷ ಗುತ್ತಿಗೆದಾರ ತಿಮೊಥಿ ಸಂಕನೂರನದೇ. ಯಾರು ಎಷ್ಟು ಕೂಗಿದರೂ ಅವನು ಅದರ ಮೇಲೆ ಕೂಗುತ್ತಿದ್ದ. ಈ ಸಲ ಕೊನೆಗೆ ಉಳಿದದ್ದು ಒಂದು ಕುಂಬಳಕಾಯಿ.

“ಯಾಕ್ರಿ ಮಾಸ್ತರ,” ತಿಮೊಥಿ ಹಿಂದೆ ತಿರುಗಿ ಕೇಳಿದ, “ಎಂ.ಎ. ಮಾಡಿದವರ ಕಿಸೆಕ್ಕ ಹೊಲಿಗಿ ಹಾಕಿರ್ತಾರೇನ್ರಿ?”

ಸುತ್ತಲಿನವರು ನಕ್ಕರು. ಸಿಲಾಸನ ಕಿವಿ ಬಿಸಿಯಾಯಿತು. ಇವನ ಗಂಟು ಇವತ್ತು ಚೆನ್ನಾಗಿ ಕರಗಿಸಬೇಕು ಅನ್ನಿಸಿತು.

“ನೂರು,” ಎಂದ.

“ನೂರಾ ಐವತ್ತು.”

“ಇನ್ನೂರು.”

“ಇನ್ನೂರಾ ಐವತ್ತು.”

“ಮುನ್ನೂರು,” ಎಂದ ಸಿಲಾಸ. ತಿಮೊಥಿಯನ್ನು ಇನ್ನೊಂದು ಮೆಟ್ಟಿಲು ಹತ್ತಿಸಿ ಕೈಬಿಡುವುದು ಅವನ ಎಣಿಕೆ.

ತಿಮೊಥಿ ನಗುತ್ತ ಕೈಮುಗಿದ. “ಈ ಸಲ ಮಾಸ್ತರಿಗೇ ಇರಲಿ. ದೇವರ ಕೆಲಸ ಐತಿ.”

ಸಭೆಯ ಹಿರಿಯ ಯೋನಾಸ ಮೇಜು ಕುಟ್ಟಿದ. “ಒಂದ್ ಸಲ.”

ಸಿಲಾಸ ಯಾರಾದರೂ ಒಬ್ಬರು ಕೂಗಬಹುದೆಂದು ಸುತ್ತ ನೋಡಿದ. ಒಬ್ಬರಾದ ಮೇಲೊಬ್ಬರು ಅವನನ್ನು ನೋಡಿ ಮೆಚ್ಚುಗೆಯಿಂದ ತಲೆಯಾಡಿಸಿದರು.

“ಎರಡ್ ಸಲ.”

ತಪ್ಪಾಯಿತು ಎಂದು ಬಿಡಬಹುದಿತ್ತು. ತಿಮೊಥಿಯ ಎದುರು ಆ ಮಾತು ಬಾಯಿಂದ ಹೊರಡಲಿಲ್ಲ. ಹಾಸಿಗೆಯ ಅಂಚು ಹಿಡಿದು ಕೂತಿದ್ದ ರೂತ್ ಕಣ್ಣಮುಂದೆ ಬಂದಳು. ಆಗಲೂ ಹೊರಡಲಿಲ್ಲ.

“ಮೂರ್ ಸಲ.”

ಸಿಲಾಸ ಎದ್ದು ಹೋಗಿ ನೋಟುಗಳನ್ನು ಮೇಜಿನ ಮೇಲಿಟ್ಟ. ಬೆರಳು ಮಾತ್ರ ಬಿಡಲಿಲ್ಲ. ಯೋನಾಸ ಇನ್ನೊಂದು ತುದಿ ಹಿಡಿದು ಮೆಲ್ಲಗೆ ಎಳೆದ. “ಬಿಡ್ರಿ ಮಾಸ್ತರ, ನೋಟು ಹರಿದೀತು.”

ಆಗ ಹಿಂದಿನ ಬೆಂಚಿನಿಂದ ಅಮ್ಮನವರು ಎದ್ದು ಬಂದರು. ಸಿಲಾಸನ ಮುಖವನ್ನಲ್ಲ, ಅವನ ಬೆರಳುಗಳನ್ನು ನೋಡಿದರು.

“ಅಂಜಿ ಕೊಡಾಕತ್ತೀಯೇನಪಾ?”

ಅವನು ಹೌದೆಂದು ತಲೆಯಾಡಿಸಿದ. ಅಮ್ಮನವರು ಯೋನಾಸನತ್ತ ತಿರುಗಿದರು. “ಅಂಜಿ ಕೊಟ್ಟದ್ದು ಕಾಣಿಕಿ ಅಲ್ಲ, ದಂಡ. ದಂಡ ವಸೂಲಿ ಮಾಡಾಕ ಇದು ಕೋರ್ಟಲ್ಲ.”

“ಕೂಗಿದ ಮಾತು ಮಾತರೀ ಅಮ್ಮಾರ. ಮತ್ತ ಈ ರೊಕ್ಕ ಇಲ್ಲದ ದೇವಾಲಯಕ್ಕ ಹಂಚು ಹೊದಿಸೋದು ಹೆಂಗ?”

ಅಮ್ಮನವರು ಸಿಲಾಸನನ್ನೇ ಕೇಳಿದರು: “ಖುಷಿಲೇ ಎಷ್ಟು ಕೊಡ್ತಿ?”

ಸಿಲಾಸ ಹುಡುಕಿದ. ಒಳಗೆ ತಿಮೊಥಿಯ ಮೇಲಿನ ಹೊಟ್ಟೆಕಿಚ್ಚಿತ್ತು, ನಾಳೆಯ ಹೆದರಿಕೆಯಿತ್ತು. ಖುಷಿ ಎಂಬುದು ಎಲ್ಲೂ ಸಿಗಲಿಲ್ಲ.

“ಏನೂ ಇಲ್ರಿ,” ಎಂದ.

ಯಾರೂ ನಗಲಿಲ್ಲ.

“ಆತು. ಏನೂ ಇಲ್ಲ ಅಂದದ್ದಕ್ಕ ಮೂರ್ ಸಲ ಕೂಗು, ಯೋನಾಸ,” ಎಂದರು ಅಮ್ಮನವರು. ಯೋನಾಸ ಒಲ್ಲದ ಮನಸ್ಸಿನಿಂದ ಕೂಗಿದ. ಅದರ ಮೇಲೆ ಕೂಗಲು ತಿಮೊಥಿಗೂ ಬಾಯಿ ಬರಲಿಲ್ಲ. ಅಮ್ಮನವರು ತಮ್ಮ ಕೈಯಾರೆ ನೋಟುಗಳನ್ನು ಸಿಲಾಸನ ಕಿಸೆಗೆ ಸೇರಿಸಿ, ಕುಂಬಳಕಾಯಿಯನ್ನು ಅವನ ತೋಳಿಗೆ ಕೊಟ್ಟರು. “ಹೋಗು. ಅಕಿ ದಾರಿ ಕಾಯ್ತಿರ್ತಾಳ.”

ಹುಬ್ಬಳ್ಳಿಯಲ್ಲಿ ಆಪರೇಶನ್ ಆಯಿತು. ರೂತ್ ಉಳಿದಳು, ಹೆಣ್ಣುಕೂಸೂ ಉಳಿಯಿತು. ಮನೆಗೆ ಮರಳಿದ ಮೇಲೆ ಸಿಲಾಸ ಕುಂಬಳಕಾಯಿ ಕೊಯ್ದ. ಇಬ್ಬರಿಗೆ ಅದು ಹೆಚ್ಚಾಯಿತು. ಅರ್ಧ ಹೋಳನ್ನು ಹೆಗಲಿಗೇರಿಸಿ ನೇರ ತಿಮೊಥಿಯ ಮನೆಗೆ ನಡೆದ.

ತಿಮೊಥಿ ಬಾಗಿಲಲ್ಲೇ ನಿಂತು ಹೋಳನ್ನೂ ಮಾಸ್ತರನನ್ನೂ ನೋಡಿದ. “ಏನಾಗಬೇಕಿತ್ರಿ? ಕೈಗಡ ಗಿಯ್ಗಡ ಏನರ ಬೇಕಾಗಿತ್ತೇನು?”

“ಇಲ್ರಿ.”

“ಮತ್ತ?”

ನಿಜಕ್ಕೂ ಏನಾದರೂ ಬೇಕಿದೆಯೇ ಎಂದು ಸಿಲಾಸ ಒಂದು ಗಳಿಗೆ ಯೋಚಿಸಿದ.

“ಏನೂ ಬೇಡ್ರಿ,” ಎಂದ. ಅದು ಸುಳ್ಳಲ್ಲವೆಂದು ತಿಳಿದು ಮೊದಲು ಬೆರಗಾದವನು ಅವನೇ. ತಿಮೊಥಿ ನಂಬಲಿಲ್ಲ, ಹೋಳನ್ನು ತಿರುವಿ ಅದರ ತಳ ನೋಡುತ್ತಿದ್ದ. ಸಿಲಾಸ ಅವನಿಗೆ ಕೈಮುಗಿದು ಮನೆಯ ಕಡೆ ಹೊರಟ.